ಬೇಲಿಯಾಚೆಯ ಕಾಂಗ್ರೆಸ್ ಗಿಡ

ಆ ಮಳೆಗಾಲದಲ್ಲಿ ಬೇಗೂರಿನ ನಾಗಲಕ್ಷ್ಮಮ್ಮನಿಗೆ ಕೂತರೆ ಕೂರಲಾಗುತ್ತಿರಲಿಲ್ಲ, ನಿಂತರೆ ನಿಲ್ಲಲಾಗುತ್ತಿರಲಿಲ್ಲ. ಗಂಡ ನರಸಪ್ಪನ ಕತ್ತು, ಮುಖ, ಮೊಣಕೈ ಮಡಿಕೆಗಳೆಲ್ಲ ಕಪ್ಪಾಗಿ, ದಪ್ಪಗಾಗಿ ಆನೆಯ ಚರ್ಮದಂತಾಗಿದ್ದವು. ಬಿಸಿಲಿಗೆ ಹೋದರಂತೂ ರಕ್ತ ಬರುವ ತನಕ ಕೆರೆದುಕೊಳ್ಳುತ್ತಿದ್ದ. ಡಾಕ್ಟರು ಮುಲಾಮು ಬರೆದುಕೊಟ್ಟು, ಇದು ಪಾರ್ಥೇನಿಯಂ ಅಲರ್ಜಿ, ಆ ಗಿಡ ಮನೆ ಹತ್ತಿರ ಇರುವವರೆಗೂ ಪೂರ್ತಿ ವಾಸಿಯಾಗದು ಎಂದಿದ್ದರು.

ಗಿಡ ಇದ್ದದ್ದು ಪಕ್ಕದ ಖಾಲಿ ಜಾಗದಲ್ಲಿ. ಊರವರು ಕಾಂಗ್ರೆಸ್ ಗಿಡ ಅನ್ನುವ ಆ ಕಳೆ ಒಂದು ಹದ ಮಳೆ ಬಿದ್ದರೆ ಸಾಕು, ಸೊಂಟದೆತ್ತರ ಎದ್ದು ನುಚ್ಚಕ್ಕಿ ಚೆಲ್ಲಿದಂತೆ ಬಿಳಿ ಹೂ ಬಿಡುತ್ತಿತ್ತು. ಜಾಗ ಮಾವನ ಕಾಲದ್ದು. ಅದಕ್ಕಾಗಿ ನರಸಪ್ಪನೂ ತಮ್ಮ ಹನುಮಯ್ಯನೂ ಕೋರ್ಟು ಹತ್ತಿ, ಮಾತು ಬಿಟ್ಟು ವರ್ಷಗಳಾಗಿದ್ದವು. ಒಬ್ಬರು ಕಾಲಿಟ್ಟರೆ ಇನ್ನೊಬ್ಬರು ಒತ್ತುವರಿ ಎನ್ನುವರು. ಸುತ್ತಲೂ ಅಪಾರ್ಟ್‌ಮೆಂಟುಗಳೆದ್ದರೂ ಅಲ್ಲಿ ಮಾತ್ರ ಕಳೆಯದೇ ರಾಜ್ಯ.

ನಾಗಲಕ್ಷ್ಮಮ್ಮ ಒಲೆಯ ಮೇಲೆ ಸಾರಿಟ್ಟು, ಗಿಡ ಎಷ್ಟಾಗಿದೆ ಎಂದು ಹೊರಗೆ ಹೋಗಿ ನೋಡುವಳು. ಬಂದು ಕೂರುವಷ್ಟರಲ್ಲಿ ಮತ್ತೆ ಏಳುವಳು. ಮೊಗ್ಗು ಕಂಡ ಬೆಳಿಗ್ಗೆ ಯಾರಿಗೂ ಹೇಳದೆ, ಮಗಳ ಹಳೆಯ ದುಪಟ್ಟಾದಿಂದ ಮೂಗುಬಾಯಿ ಕಟ್ಟಿ, ಕೈಗೆ ಪ್ಲಾಸ್ಟಿಕ್ ಕವರು ಸುತ್ತಿಕೊಂಡು ಬೇಲಿ ದಾಟಿದಳು. ನೆಲ ಹಸಿಯಾಗಿದ್ದರಿಂದ ಗಿಡ ಬೇರು ಸಮೇತ ಬರುತ್ತಿತ್ತು.

ಅರ್ಧ ಕೀಳುವಷ್ಟರಲ್ಲಿ ಹನುಮಯ್ಯ ಬಂದ. ಅವಳು ಸೊಸೆಯಾಗಿ ಬಂದಾಗ ಅವನಿನ್ನೂ ಸ್ಕೂಲು ಹುಡುಗ. ಅವಳ ಕೈಯ ಮುದ್ದೆ ಉಂಡು ಬೆಳೆದವನು. ಈಗ ಫೋನು ಎತ್ತಿ ವಿಡಿಯೊ ಮಾಡುತ್ತಿದ್ದ.

"ಕೇಸ್ ನಡೀತೈತೆ ಅಂತ ಗೊತ್ತಿದ್ದೂ ಜಾಗಕ್ಕೆ ಇಳಿದಿದ್ದೀಯಲ್ಲ, ಅತ್ಗೆ?"

ಅವಳು ಬಗ್ಗಿದ ಸೊಂಟ ಎತ್ತಲಿಲ್ಲ. "ಜಾಗ ನೀನೇ ಇಟ್ಕೊ. ನಂಗೆ ಈ ಗಿಡ ಹೋದ್ರೆ ಸಾಕು. ಒಂದ್ಸಲ ಒಳಕ್ಕೋಗಿ ನಿಮ್ಮಣ್ಣನ ಮುಖ ನೋಡ್ಕೊಂಡ್ ಬಾ, ಆಮೇಲೆ ಯಾರನ್ನ್ ಬೇಕಾದ್ರೂ ಕರಿ."

ಹನುಮಯ್ಯ ಹೊಸಿಲ ಬಳಿ ತುಸು ತಡೆದು, ಒಳಗೆ ಹೋದ. ಕಿಟಕಿಗೆಲ್ಲ ಬೆಡ್‌ಶೀಟು ಕಟ್ಟಿದ ಕೋಣೆಯಲ್ಲಿ ನರಸಪ್ಪ ಕೂತಿದ್ದ. ಊದಿದ ರೆಪ್ಪೆಗಳನ್ನು ಕಷ್ಟಪಟ್ಟು ತೆರೆದು, ಯಾರು ಎಂದು ಕೇಳಿದ. ತಮ್ಮ ಫೋನನ್ನು ಜೇಬಿಗಿಟ್ಟು ಹತ್ತಿರ ಹೋದ.

"ನಾನು ಕಣಣ್ಣ, ಹನುಮ."

ಅವರಿಬ್ಬರು ಮತ್ತೇನು ಮಾತಾಡಿದರೋ ನಾಗಲಕ್ಷ್ಮಮ್ಮನಿಗೆ ತಿಳಿಯದು. ಹೊರಬಂದ ಹನುಮಯ್ಯ ಟವೆಲ್ಲನ್ನು ಮುಖಕ್ಕೆ ಬಿಗಿದು, ಇನ್ನೊಂದು ಮೂಲೆಯಿಂದ ಕೀಳತೊಡಗಿದ. ಮಧ್ಯಾಹ್ನ ಗುಂಡಿ ತೋಡಿ ಎಲ್ಲವನ್ನೂ ಮುಚ್ಚಿದ.

ಕೇಸು ವಾಪಸಾಗಲಿಲ್ಲ. ಮುಂದಿನ ವಾಯಿದೆಗೂ ಅಣ್ಣತಮ್ಮಂದಿರು ಬೇರೆ ಬೇರೆ ಲಾಯರುಗಳ ಹಿಂದೆಯೇ ನಿಂತರು. ಮನೆಗೆ ಮಾತ್ರ ಒಂದೇ ಆಟೋದಲ್ಲಿ ಬಂದರು. ದೀಪಾವಳಿಯ ಹೊತ್ತಿಗೆ ನರಸಪ್ಪನ ಕತ್ತಿನ ಚರ್ಮ ಮೆತ್ತಗಾಗಿ, ಅವನು ಸಂಜೆ ಹೊತ್ತು ಜಗುಲಿಗೆ ಬಂದು ಕೂರುವಂತಾದ.

ನಾಗಲಕ್ಷ್ಮಮ್ಮನ ಜೀವಕ್ಕೆ ಮಾತ್ರ ಸಮಾಧಾನವಿಲ್ಲ. ಹಿಂದಿನ ರಸ್ತೆಯ ಖಾಲಿ ಸೈಟೊಂದು ಬೆಳ್ಳಗೆ ಹೂ ಬಿಟ್ಟಿದೆ. ಅದು ಯಾರದೆಂದು ಕೇಳಲು ಅವಳು ಅದರ ಪಕ್ಕದ ಅಪಾರ್ಟ್‌ಮೆಂಟಿನ ವಾಚ್‌ಮನ್ನನನ್ನು ಹುಡುಕಿಕೊಂಡು ಹೊರಟಿದ್ದಾಳೆ.