ಬಿಳಿಮನೆಯ ಒಂಟೆ

ನಮ್ಮ ಮಾವನವರ ಬಲಗೈಯಲ್ಲಿ ತೋರುಬೆರಳೂ ನಡುಬೆರಳೂ ಇರಲಿಲ್ಲ. ಬಟ್ಟೆ ಗಿರಣಿಯ ಯಂತ್ರಕ್ಕೆ ಸಿಕ್ಕಿ ಹೋಗಿದ್ದವು. ಚದುರಂಗದ ಕಾಯಿಗಳನ್ನು ಹೆಬ್ಬೆರಳು, ಉಂಗುರಬೆರಳಿನ ನಡುವೆ ಹಿಡಿದೆತ್ತಿ ಸದ್ದಿಲ್ಲದೆ ಇಡುತ್ತಿದ್ದರು.

ರಾಜಾಜಿನಗರದಲ್ಲಿ ಆಗ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚು. ನಾನು ಸೊಸೆಯಾಗಿ ಬಂದ ಎರಡನೆಯ ವರ್ಷವೇ ನನ್ನ ಗಂಡ ಟೈಫಾಯ್ಡಿನಲ್ಲಿ ತೀರಿಕೊಂಡರು. ನನಗೆ ಹತ್ತೊಂಬತ್ತು. ಅಲ್ಲಿಯವರೆಗೆ ಬಿಡುವಿದ್ದಾಗಲೆಲ್ಲ ಅಪ್ಪ-ಮಗ ಎದುರುಬದುರು ಕೂತು ಆಡುತ್ತಿದ್ದರು. ತಿಂಗಳು ಕಳೆದ ಮೇಲೆ ಒಂದು ಮಧ್ಯಾಹ್ನ ಮಾವ ಚದುರಂಗದ ಮಣೆ ಹಾಕಿ, ಮಗನ ಕಡೆಯ ಕಾಯಿಗಳನ್ನು ನನ್ನ ಮುಂದೆ ಜೋಡಿಸಿದರು.

"ಕೂತ್ಕೋಮ್ಮ."

"ನೋಡಿದೋರು ಏನಂತಾರೆ?" ಎಂದರು ಅತ್ತೆ ಅಡುಗೆಮನೆಯಿಂದ. ಮಾವ ತಲೆ ಎತ್ತಲಿಲ್ಲ. ಅವರ ಕಣ್ಣು ಕಾಯಿಗಳ ಮೇಲಿತ್ತು, ನೀರು ತುಂಬಿತ್ತು.

ನಡೆಗಳನ್ನು ಅವರೇ ಕಲಿಸಿದರು. ಮೂರು ವರ್ಷ ಆಡಿದೆವು. ಅವರಿಗೆ ಓರೆಯಾಗಿ ಓಡುವ ಒಂಟೆಯೆಂದರೆ ಪ್ರಾಣ. "ನಿನ್ನ ಕಾಲಾಳುಗಳೇ ಅಡ್ಡ ನಿಂತ್ರೆ ಒಂಟೆ ಇದ್ದೂ ಇಲ್ಲದಂಗೆ ಕಣಮ್ಮ. ಅದಕ್ಕೆ ದಾರಿ ಬಿಡು," ಎನ್ನುತ್ತಿದ್ದರು.

ಭಾನುವಾರಗಳಂದು ನಾಯಂಡಹಳ್ಳಿಯಿಂದ ಒಬ್ಬ ಗೌಡರು ಸೈಕಲ್ಲಿನಲ್ಲಿ ಬಂದು ಮಾವನವರ ಜೊತೆ ಆಡುತ್ತಿದ್ದರು. ಒಮ್ಮೆ ಆಟ ಮುಗಿಯದೆ ಮಣೆಯನ್ನು ಹಾಗೆಯೇ ಬಿಟ್ಟರು. ಆ ವಾರವೇ ಮಾವ ಎದೆನೋವಿನಿಂದ ಹಾಸಿಗೆ ಹಿಡಿದರು. ನೋಡಲು ಬಂದ ಗೌಡರು, "ಆ ಆಟ ಡ್ರಾ ಅಂದ್ಕೊಳ್ಳಣ ಬಿಡಿ," ಎಂದರು.

"ಡ್ರಾ ಯಾಕೆ? ನನ್ನ ಸೊಸೆ ಮುಗಿಸ್ತಾಳೆ."

ಪರಗಂಡಸಿನ ಎದುರು ನಾನು ಎಂದೂ ಕೂತವಳಲ್ಲ. ಅತ್ತೆ ಬಾಗಿಲಿಗೆ ಅಡ್ಡ ನಿಂತರು. ಗೌಡರು ಹೊರಗೆ ಹೋಗಿ ಮಣೆಯ ಮುಂದೆ ಕೂತು, "ಬನ್ನಿ ತಾಯಿ," ಎಂದರು. ಅತ್ತೆಯನ್ನು ದಾಟಿ ಹೋಗಿ ಕೂತೆ.

ಇಬ್ಬರಿಗೂ ಉಳಿದಿದ್ದುದು ರಾಜ, ಬಿಳಿಮನೆಗಳಲ್ಲಷ್ಟೇ ಓಡಾಡುವ ಒಂಟೆ, ನಾಲ್ಕು ಕಾಲಾಳು. ಗೌಡರ ಕಾಲಾಳುಗಳು ಬಿಳಿಮನೆಗಳಲ್ಲೇ ನಿಂತು ತಮ್ಮ ಒಂಟೆಯನ್ನೇ ಕಟ್ಟಿಹಾಕಿದ್ದವು. ನಮ್ಮವು ಕರಿಮನೆಗಳಲ್ಲಿ, ನಮ್ಮ ಒಂಟೆಗೆ ಎಲ್ಲೆಲ್ಲೂ ಬಯಲು. ಅದನ್ನು ಅವರ ಕಾಲಾಳುಗಳ ಹಿಂದಕ್ಕೆ ನಡೆಸಿದೆ. ಗೌಡರು ತಮ್ಮ ಒಂಟೆಯನ್ನು ತಂದು ಎದುರಿಗಿಟ್ಟರು.

"ಹೊಡೀರಿ ತಾಯಿ, ನಾನೂ ಹೊಡೀತೀನಿ. ಸಮ ಆಯ್ತು."

ಹೊಡೆದರೆ ಎದ್ದು ಒಳಗೆ ಹೋಗಬಹುದಿತ್ತು. ಹೊಡೆಯಲಿಲ್ಲ, ಅವರ ಒಂಟೆಯ ದಾರಿ ತಪ್ಪಿಸಿ ಒಂದು ಮನೆ ಹಿಂದಕ್ಕೆ ಸರಿಸಿದೆ. ಗೌಡರು ಬಹಳ ಹೊತ್ತು ನೋಡಿದರು. ಅವರ ಕಾಲಾಳುಗಳಿಗೆ ಮುಂದೆ ದಾರಿಯಿರಲಿಲ್ಲ. ಒಂಟೆ ಕದಲಿದರೆ ಕಾಲಾಳು ಹೋಗುತ್ತಿತ್ತು, ರಾಜ ಕದಲಿದರೆ ನಮ್ಮ ರಾಜನಿಗೆ ದಾರಿಯಾಗುತ್ತಿತ್ತು. ಸರದಿ ಬಿಟ್ಟು ಸುಮ್ಮನಿರುವ ಹಾಗೂ ಇಲ್ಲ. ಕೊನೆಗೆ ರಾಜನನ್ನೇ ಸರಿಸಿದರು. ಅಲ್ಲಿಂದ ಹತ್ತು ನಡೆ, ಅಷ್ಟೇ.

ಗೌಡರು ಎದ್ದು ಒಳಗೆ ಹೋಗಿ, "ಸೋಲಿಸಿಬಿಟ್ರು ಸಾರ್," ಎಂದರು.

ಹಿಂದೆಯೇ ಹೋದ ನನ್ನನ್ನು ಮಾವ ಕೇಳಿದರು: "ಒಂಟೆ ಬದಲಾಯಿಸೋಕೆ ಕರೆದ್ರಾ?"

"ಕರೆದ್ರು."

"ಕೊಟ್ಯಾ?"

"ಇಲ್ಲ."

ಅವರು ಅತ್ತೆಯ ಕಡೆ ತಿರುಗಿ, "ಇವಳನ್ನ ಟೀಚರ್ ಟ್ರೈನಿಂಗಿಗೆ ಸೇರ್ಸು. ಮನೇಲಿ ಕೂರಿಸ್ಬೇಡ," ಎಂದರು.

ಎಂಟನೆಯ ದಿನ ಬೆಳಿಗ್ಗೆ ಮಾವ ಹೋದರು. ಕರ್ಮಗಳು ಮುಗಿದ ಮೇಲೆ ನನ್ನಣ್ಣ ತವರಿಗೆ ಕರೆದೊಯ್ಯಲು ಬಂದ. ಅತ್ತೆ ಅವನಿಗೆ ಊಟ ಬಡಿಸಿ, ಒಬ್ಬನನ್ನೇ ಕಳಿಸಿಕೊಟ್ಟರು. ಮರುದಿನ ನನ್ನ ಜೊತೆ ಬಿಸಿಲಲ್ಲಿ ನಡೆದು ಟ್ರೈನಿಂಗ್ ಸ್ಕೂಲಿಗೆ ಬಂದರು.

ಗುಮಾಸ್ತರು ನನ್ನ ಬೋಳು ಹಣೆ ನೋಡಿ, "ಇವರನ್ನ ಯಾರು ಕಳಿಸಿದ್ದು?" ಎಂದು ಕೇಳಿದರು.

ಅತ್ತೆ ಸೆರಗು ಸರಿಮಾಡಿಕೊಂಡು, "ಅವಳ ಮಾವ," ಎಂದರು.