ಖಾಲಿ ಫ್ಲ್ಯಾಶ್

ಹಳೆಯ ಫಿಲ್ಮ್ ಕ್ಯಾಮೆರಾ ಕೈಗೆ ಸಿಕ್ಕ ಕೂಡಲೇ ಮನುಷ್ಯ ಮಾಡುವ ಮೊದಲ ಕೆಲಸ ಯಾವುದು ಗೊತ್ತೇ? ಕಣ್ಣಿಗೆ ಹಿಡಿಯುವುದು ಎಂದುಕೊಂಡಿದ್ದರೆ ನೀವು ಹಳೇ ಕ್ಯಾಮೆರಾ ಮೇಳಗಳಿಗೆ ಹೋದವರಲ್ಲ. ಮೊದಲು ಅದರ ಬೆನ್ನಿನ ಬಾಗಿಲು ತೆರೆದು ಒಳಗೆ ಇಣುಕುತ್ತಾರೆ. ಯಾರೋ ಮರೆತುಬಿಟ್ಟ ರೋಲು ಒಳಗಿದ್ದೀತು, ಅದರಲ್ಲಿ ಯಾರದೋ ನಗು ಉಳಿದಿದ್ದೀತು ಎಂಬ ಆಸೆ. ಇರುವುದಿಲ್ಲ. ಇದ್ದರೂ ಬಾಗಿಲು ತೆರೆದ ಗಳಿಗೆಯಲ್ಲೇ ಬೆಳಕು ಬಿದ್ದು ಹಾಳಾಗಿಹೋಗುತ್ತದೆ. ಇಷ್ಟೆಲ್ಲ ತಿಳಿದಿದ್ದೂ ಆ ಭಾನುವಾರ ನಾನು ಕಂಡಕಂಡ ಕ್ಯಾಮೆರಾಗಳ ಬೆನ್ನು ತೆರೆದು ನೋಡಿದೆ. ನನ್ನ ಮದುವೆಯಲ್ಲಿ ತೆಗೆದ ಒಂದು ಫೋಟೋ ನನಗೆ ಇವತ್ತಿನವರೆಗೂ ಬಂದಿಲ್ಲ. ಅದು ಯಾವುದೋ ಕ್ಯಾಮೆರಾದ ಹೊಟ್ಟೆಯಲ್ಲಿ ಇನ್ನೂ ಕೂತಿದೆ ಎಂದು ನಂಬುವಷ್ಟು ಪೆದ್ದುತನವನ್ನು ನಾನು ಈ ವಯಸ್ಸಿನಲ್ಲೂ ಜೋಪಾನವಾಗಿ ಕಾಪಾಡಿಕೊಂಡು ಬಂದಿದ್ದೇನೆ.

ಮೇಳ ನಡೆದದ್ದು ವರ್ತೂರಿನಾಚೆ, ನನ್ನ ಅಣ್ಣ ಇರುವ ಅಪಾರ್ಟ್‌ಮೆಂಟಿನ ಕ್ಲಬ್‌ಹೌಸಿನಲ್ಲಿ. ನಾನಿರುವುದು ಪೀಣ್ಯದಲ್ಲಿ, ವಾಲ್ವ್ ಮಾಡುವ ಒಂದು ಸಣ್ಣ ಕಾರ್ಖಾನೆಯ ಸ್ಟೋರ್ಸ್ ನೋಡಿಕೊಳ್ಳುತ್ತೇನೆ. ಪೀಣ್ಯ, ವರ್ತೂರು ಎರಡೂ ಬೆಂಗಳೂರೇ ಎಂದು ನಕ್ಷೆಯವರು ಹೇಳುತ್ತಾರೆ, ಬಸ್ಸಿನಲ್ಲಿ ಹೋದವರು ಹೇಳುವುದಿಲ್ಲ. ಅಷ್ಟು ಹೊತ್ತಿನಲ್ಲಿ ನಮ್ಮ ದಾವಣಗೆರೆಯ ಬಸ್ಸು ಹತ್ತಿದ್ದರೆ ಸಿರಾ ದಾಟಿ ಒಂದು ನಿದ್ದೆಯನ್ನೂ ಮುಗಿಸಿರುತ್ತಿದ್ದೆ. ವರ್ತೂರು ಕೋಡಿಯ ಹತ್ತಿರ ಕೆರೆಯ ನೊರೆ ಗಾಳಿಗೆ ಎದ್ದು ರಸ್ತೆಗೆ ಬರುತ್ತಿತ್ತು. ಕಂಡಕ್ಟರು ಕಿಟಕಿ ಮುಚ್ಚಿಸಿದ. ಅಪಾರ್ಟ್‌ಮೆಂಟಿನ ಗೇಟಿನಲ್ಲಿ ಸೆಕ್ಯೂರಿಟಿಯವನು ಅಣ್ಣನಿಗೆ ಫೋನು ಮಾಡಿ, ಹೀಗೊಬ್ಬರು ನಿಮ್ಮ ತಮ್ಮ ಅಂತ ಹೇಳ್ತಿದ್ದಾರೆ ಎಂದ. ಆ 'ಹೇಳ್ತಿದ್ದಾರೆ' ಎಂಬುದು ನನಗೆ ನಾಟಿತು.

ಒಳಗೆ ಒಳ್ಳೆಯ ಸಂಭ್ರಮ. ಸ್ಪೀಕರಿನಲ್ಲಿ ಹಾಡು, ಕಾಫಿಗೆ ಸಾಲು, ಮೇಜುಗಳ ಮೇಲೆ ಕ್ಯಾಮೆರಾಗಳ ಸಾಲು. ಒಂದು ಕಾಲಕ್ಕೆ ಇಂಥದ್ದೊಂದು ಮನೆಯಲ್ಲಿದ್ದರೆ ಅದನ್ನು ಬೀರುವಿನಲ್ಲಿ ರೇಷ್ಮೆ ಸೀರೆಗಳ ಕೆಳಗೆ ಇಡುತ್ತಿದ್ದರು. ಈಗ ಒಂದರ ಹೊಟ್ಟೆಯಲ್ಲಿ ಬಲ್ಬು ಸಿಕ್ಕಿಸಿ ಟೇಬಲ್ ಲ್ಯಾಂಪ್ ಮಾಡಿದ್ದರು. ಕೊರಳಲ್ಲಿ ಕಂಪನಿಯ ಟ್ಯಾಗನ್ನು ಭಾನುವಾರವೂ ಬಿಚ್ಚದ ಹುಡುಗನೊಬ್ಬ ತನ್ನ ಗೆಳತಿಗೆ, "ಡಿಜಿಟಲ್‌ನಲ್ಲಿ ಸೋಲ್ ಇಲ್ಲ ಕಣೇ, ಫಿಲ್ಮ್‌ನಲ್ಲಿ ಒಂದೊಂದ್ ಶಾಟೂ ಯೋಚ್ನೆ ಮಾಡ್ ತೆಗೀಬೇಕು" ಎಂದು ವಿವರಿಸುತ್ತಿದ್ದ. ಹೌದಪ್ಪ, ಯೋಚನೆ ಮಾಡಿಯೇ ತೆಗೆಯುತ್ತಿದ್ದರು. ಏನು ಯೋಚನೆ ಮಾಡುತ್ತಿದ್ದರು ಎಂಬುದು ನನಗೆ ಇನ್ನರ್ಧ ಗಂಟೆಯಲ್ಲಿ ತಿಳಿಯುವುದಿತ್ತು.

ಅಣ್ಣನ ವಿಷಯ ಹೇಳಬೇಕು. ನನಗಿಂತ ಹತ್ತು ವರ್ಷ ದೊಡ್ಡವನು, ಎಂಜಿನಿಯರ್ ಆಗಿ ನಿವೃತ್ತನಾದವನು. ನಿವೃತ್ತಿಯ ಮೇಲೆ ಕೆಲವರಿಗೆ ಮಂಡಿನೋವು ಬರುತ್ತದೆ, ಕೆಲವರಿಗೆ ಭಕ್ತಿ ಬರುತ್ತದೆ, ಅಣ್ಣನಿಗೆ ಹಳೇ ಕ್ಯಾಮೆರಾಗಳ ಹುಚ್ಚು ಬಂತು. ಮನೆಯ ಗಾಜಿನ ಶೋಕೇಸಿನಲ್ಲಿ ಅವುಗಳನ್ನು ಒರೆಸಿ ಕೂರಿಸಿದ್ದಾನೆ. ಒಂದಕ್ಕೂ ಫಿಲ್ಮ್ ಹಾಕಿಲ್ಲ. ಊಟಕ್ಕೆ ಕರೆದು ಎಲೆ ಹಾಕದೆ ಕೂರಿಸಿದ ಹಾಗೆ ಅವೆಲ್ಲ ಬಾಯಿ ತೆರೆದುಕೊಂಡು ನೋಡುತ್ತಿರುತ್ತವೆ. ಮೇಳಕ್ಕೆ ನನ್ನನ್ನು ಕರೆದದ್ದು ಅವನೇ. ಒಬ್ಬನೇ ಚೌಕಾಸಿ ಮಾಡಲು ಅವನಿಗೆ ಸಂಕೋಚ, ನನಗೆ ಅಂಥ ಮರ್ಯಾದೆಯ ತೊಂದರೆಗಳಿಲ್ಲ.

ನಾನು ಜೀವನದಲ್ಲಿ ನೋಡಿದ ಮೊದಲ ಕ್ಯಾಮೆರಾ ಒಂದು ಬಾಗಿಲು. ನಗಬೇಡಿ. ನಮ್ಮೂರ ಮನೆಯಲ್ಲಿ ಕಾಳುಕಡಿ ಇಡುವ ಕತ್ತಲೆ ಕೋಣೆಯೊಂದಿತ್ತು. ಅದರ ಬೀದಿ ಬದಿಯ ಬಾಗಿಲಿನಲ್ಲಿ ಮೊಳೆ ಕಿತ್ತುಹೋದ ಸಣ್ಣ ತೂತು. ಮಧ್ಯಾಹ್ನದ ಬಿಸಿಲು ಬೀದಿಯ ಮೇಲೆ ಬಿದ್ದಾಗ ಎದುರಿನ ಗೋಡೆಯ ಮೇಲೆ ಇಡೀ ಬೀದಿ ಮೂಡುತ್ತಿತ್ತು, ತಲೆಕೆಳಗಾಗಿ. ಎತ್ತುಗಳು ಸೂರಿಗೆ ಕಾಲು ಕೊಟ್ಟು ನಡೆಯುತ್ತಿದ್ದವು. ಬೆಳಕು ನೇರವಾಗಿ ಚಲಿಸುತ್ತದೆ, ಮೇಲಿನದು ತೂತಿನ ಮೂಲಕ ಕೆಳಗೆ, ಕೆಳಗಿನದು ಮೇಲೆ ಎಂದು ಆಮೇಲೆ ಶಾಲೆಯಲ್ಲಿ ಹೇಳಿಕೊಟ್ಟರು. ಕ್ಯಾಮೆರಾ ಎಂಬ ಪದದ ಮೂಲದ ಅರ್ಥವೇ ಕೋಣೆಯಂತೆ. ಹಿಂದಿನ ಪಂಡಿತರು ಇಂಥ ಕತ್ತಲೆ ಕೋಣೆಯೊಳಗೆ ಕೂತು ಸೂರ್ಯಗ್ರಹಣ ನೋಡುತ್ತಿದ್ದರಂತೆ. ನಮ್ಮ ಕೋಣೆಯಲ್ಲಿದ್ದ ಪಂಡಿತರು ಇಬ್ಬರು: ನಾನು ಮತ್ತು ಚಿಗವ್ವ. ಇಬ್ಬರೂ ಜೋಳದ ಚೀಲಕ್ಕೆ ಒರಗಿ ಆ ಬೀದಿ ನೋಡುತ್ತಿದ್ದೆವು. "ಶ್ಯಾನುಭೋಗ್ರು ಬಂದ್ರು ನೋಡು, ಪಂಚೆ ಹೆಂಗೆ ನಿಂತೈತಿ!" ಎಂದು ಚಿಗವ್ವ ಬಾಯಿಗೆ ಸೆರಗು ಒತ್ತಿಕೊಂಡು ನಗುತ್ತಿದ್ದಳು.

ಚಿಗವ್ವ ಎಂದರೆ ಅವ್ವನ ತಂಗಿ. ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು ನಮ್ಮ ಮನೆಗೆ ಬಂದವಳು. ನನಗೆ ನೆನಪು ಮೂಡುವ ಮೊದಲೇ ಅವ್ವ ತೀರಿಕೊಂಡಿದ್ದಳು. ಆಗ ಅಣ್ಣ ಹಾಸ್ಟೆಲಿನಲ್ಲಿ ಓದುತ್ತಿದ್ದ. ಹಾಗಾಗಿ ಅವನಿಗೆ ಚಿಗವ್ವ ರಜೆಯಲ್ಲಿ ರೊಟ್ಟಿ ಬಡಿದುಕೊಡುವ ಹೆಂಗಸು, ನನಗೆ ಅವ್ವ. ಅವಳು ಯಾರಿಗೂ ಫೋಟೋ ತೆಗೆಯಲು ಬಿಟ್ಟವಳಲ್ಲ. ಫೋಟೋ ತೆಗೆಸಿಕೊಂಡರೆ ಆಯುಸ್ಸು ಕಡಿಮೆಯಾಗುತ್ತದೆ ಎಂದು ಹಿಂದಿನವರು ನಂಬುತ್ತಿದ್ದರಲ್ಲ, ಆ ಪೈಕಿ. ಆದರೆ ನನ್ನ ಮದುವೆಯ ದಿನ, ಊಟದ ಪಂಕ್ತಿಗಳೆಲ್ಲ ಮುಗಿದ ಮೇಲೆ, ಅಡುಗೆಯ ಕಡೆಯಿಂದ ಕೈ ಒರೆಸಿಕೊಳ್ಳುತ್ತ ಬಂದು ವೇದಿಕೆ ಹತ್ತಿದಳು. "ನಿನ್ ಮದುವೀಗೆ ಒಂದೆರಡು ವರ್ಷ ಹೋದ್ರೆ ಹೋಗ್ಲಿ ಬಿಡು" ಎಂದು ನಮ್ಮಿಬ್ಬರ ಪಕ್ಕ ನಿಂತು ಸೆರಗು ಸರಿಮಾಡಿಕೊಂಡಳು. ಅಪ್ಪನೂ ಆಗ ಇರಲಿಲ್ಲ, ಮದುವೆಯ ಯಜಮಾನಿಕೆಯೆಲ್ಲ ಅಣ್ಣನದು. ಅವನು ಫೋಟೋದವನ ಪಕ್ಕದಲ್ಲೇ ನಿಂತಿದ್ದ. ಚಿಗವ್ವ ನಿಂತದ್ದನ್ನು ನೋಡಿ ಕನ್ನಡಕ ತೆಗೆದು ಪಂಚೆಯ ತುದಿಯಿಂದ ಒರೆಸಿಕೊಂಡ. ವಾಲಗದ ಗಲಾಟೆಯ ನಡುವೆ ಫ್ಲ್ಯಾಶ್ ಮಿಂಚಿತು.

ಆಲ್ಬಂ ಬಂತು. ಬೀಗರ ಕಡೆಯವರು ಊಟ ಮಾಡುತ್ತಿರುವುದು, ಕೈ ತೊಳೆಯುತ್ತಿರುವುದು ಎಲ್ಲ ಇತ್ತು. ಚಿಗವ್ವ ಇರಲಿಲ್ಲ. ಆ ರೋಲಿಗೆ ಬೆಳಕು ಬಿತ್ತಂತೆ ಎಂದು ಅಣ್ಣ ಹೇಳಿದ. ಚಿಗವ್ವನಿಗೆ ರೋಲೂ ತಿಳಿಯದು, ಅದಕ್ಕೆ ಬೆಳಕು ಬೀಳುವುದೂ ತಿಳಿಯದು. ನಾನು ಊರಿಗೆ ಹೋದಾಗಲೆಲ್ಲ, ನೀರಿನ ತಂಬಿಗೆ ಕೈಗೆ ಕೊಡುತ್ತ, "ನನ್ ಫೋಟೋ ಬಂತೇನಪ್ಪಾ?" ಎಂದು ಕೇಳುತ್ತಿದ್ದಳು. ಸಿಟ್ಟಿಲ್ಲ, ಅನುಮಾನವಿಲ್ಲ. ಅಂಚೆ ತಡವಾಗಿದೆ ಎಂಬಷ್ಟು ಸಹಜವಾಗಿ ಕೇಳುತ್ತಿದ್ದಳು. "ಫೋಟೋ ಇಲ್ಲದಿದ್ರೇನು ಚಿಗವ್ವ, ನೀನು ಬಂದು ನಿಂತಾಗ ಅಣ್ಣನ ಕಣ್ಣಲ್ಲಿ ನೀರು ಬಂತು, ನಾನೇ ನೋಡಿದೆ" ಎಂದು ಒಮ್ಮೆ ಹೇಳಿದೆ. ಅವಳು ಅದನ್ನು ಇಡೀ ಓಣಿಗೆ ಹೇಳಿಕೊಂಡು ಬಂದಳು. "ನಮ್ ದೊಡ್ಡ ಹುಡುಗ ನನ್ನ ನೋಡಿ ಕಣ್ಣೀರ್ ಹಾಕಿದ್ನಂತೆ ನೋಡ್ರವ್ವಾ!" ಫೋಟೋಗಿಂತ ಅದೇ ದೊಡ್ಡದಾಯಿತು ಅವಳಿಗೆ. ಅವಳು ಹೋದ ಮೇಲೆ ಗೋಡೆಗೆ ಹಾಕಲು ಒಂದು ಚಿತ್ರ ಬೇಕಾಯಿತು. ಇದ್ದದ್ದು ಮತದಾರರ ಗುರುತಿನ ಚೀಟಿಯದು ಮಾತ್ರ. ಅದನ್ನೇ ದೊಡ್ಡದು ಮಾಡಿಸಿದೆ. ನಮ್ಮ ಮನೆಯ ಗೋಡೆಯ ಮೇಲೆ, ಹಾರದ ಒಳಗೆ, ಚಿಗವ್ವ ಪೊಲೀಸರಿಗೆ ಬೇಕಾದವಳ ಹಾಗೆ ಕಾಣುತ್ತಾಳೆ.

ಈಗ ಮತ್ತೆ ಕ್ಲಬ್‌ಹೌಸಿಗೆ. ಅಣ್ಣ ಒಂದು ಕ್ಯಾಮೆರಾ ಮೆಚ್ಚಿದ. ನೆತ್ತಿಯ ಮೇಲೆ ದೊಡ್ಡ ಫ್ಲ್ಯಾಶ್ ಕೂರಿಸಿದ್ದು. ಮಾರುವವನು ಮುನಿರಾಜು, ದಾಸರಹಳ್ಳಿಯ ಕಡೆ ಸ್ಟುಡಿಯೋ ಇಟ್ಟುಕೊಂಡು ಮದುವೆಗಳ ಫೋಟೋ ತೆಗೆಯುತ್ತಿದ್ದವನು, ಮಾತುಗಾರ. ಫ್ಲ್ಯಾಶ್ ಕೆಲಸ ಮಾಡುತ್ತದೆಯೇ ಎಂದು ಅಣ್ಣ ಕೇಳಿದ. ಮುನಿರಾಜು ಸ್ವಿಚ್ಚು ಹಾಕಿ, ಅದು ಕುಂಯ್ ಎಂದು ಸಿದ್ಧವಾದ ಮೇಲೆ ಹಿಂದಿದ್ದ ಒಂದು ಸಣ್ಣ ಕೆಂಪು ಗುಂಡಿ ಒತ್ತಿದ. ಪಳ್ಳೆಂದು ಬೆಳಕು.

"ಈ ಬಟನ್ ಇಲ್ದಿದ್ರೆ ನಾವೆಲ್ಲ ಮನೆಮಠ ಮಾರ್ಕೋಬೇಕಿತ್ತು ಸಾರ್" ಎಂದ.

"ಯಾಕೆ?" ಎಂದೆ.

"ಖಾಲಿ ಫ್ಲ್ಯಾಶ್ ಸಾರ್! ರೋಲ್‌ಗೆ ಮೂವತ್ತಾರೇ ಫೋಟೋ. ಮದ್ವೆಗೆ ಬಂದೋರೆಲ್ಲ ಸ್ಟೇಜ್ ಹತ್ಬಿಡೋರು. ಎಲ್ರಿಗೂ ಫಿಲ್ಮ್ ಎಲ್ಲಿಂದ ತರೋದು? ಕ್ಯಾಮೆರಾ ಕಣ್ಣಿಗಿಟ್ಕೊಂಡು ಇದನ್ನ ಒತ್ತೋದು. ಲೈಟ್ ಬರುತ್ತೆ, ಫೋಟೋ ಬೀಳಲ್ಲ. ಅವ್ರಿಗೂ ಖುಷಿ, ನಮ್ಗೂ ಉಳಿತಾಯ."

"ಯಾರಿಗೆ ಖಾಲಿ ಹೊಡೀಬೇಕು ಅಂತ ನಿಮಗೆ ಹೇಗೆ ಗೊತ್ತಾಗೋದು?"

"ಯಜಮಾನ್ರು ಮೊದ್ಲೇ ಹೇಳಿರೋರು ಸಾರ್. ಏನಾದ್ರೂ ಒಂದು ಸನ್ನೆ…"

ಅವನು ಮುಗಿಸುವ ಮೊದಲೇ ಅಣ್ಣ ನಗುತ್ತ ನಡುವೆ ಬಂದ. "ಗೊತ್ತಿಲ್ವೇನಪ್ಪ ನಂಗೆ! ಇವನ ಮದುವೇಲಿ ನಾನೇ ಯಜಮಾನ. ನಾನು ಕನ್ನಡಕ ತೆಗೆದು ಒರೆಸಿದ್ರೆ ಖಾಲಿ ಅಂತ ಮಾತಾಗಿತ್ತು. ಅವತ್ತು ಒರೆಸೀ ಒರೆಸೀ ಗಾಜೇ ಸವೆದುಹೋಯ್ತು."

ಇಬ್ಬರೂ ನಕ್ಕರು. ಇಷ್ಟು ವರ್ಷದ ಅಭ್ಯಾಸಬಲದಿಂದ ನನ್ನ ಮುಖವೂ ನಕ್ಕಿತು. ಆಮೇಲೆ ಕೇಳಿದೆ, "ಚಿಗವ್ವ ಬಂದು ನಿಂತಾಗಲೂ ಒರೆಸಿದ್ಯಲ್ಲ ಅಣ್ಣ?"

"ಒರೆಸಿರಬಹುದಪ್ಪ, ಯಾರಿಗೆ ನೆನಪಿದೆ? ಬೀಗರ ಕಡೆಯೋರಿಗೇ ರೋಲ್ ಸಾಲ್ತಿರಲಿಲ್ಲ" ಎಂದು ಹೇಳಿ ಅವನು ಲೆನ್ಸಿನ ಮೇಲಿನ ಗೀರು ಪರೀಕ್ಷಿಸತೊಡಗಿದ.

ಅವನು ಸುಳ್ಳು ಹೇಳಿದ್ದರೆ ನನಗೆ ಇಷ್ಟು ಉರಿಯುತ್ತಿರಲಿಲ್ಲ. ತಡವರಿಸಿದ್ದರೆ ಕ್ಷಮಿಸಿಬಿಡುತ್ತಿದ್ದೆನೋ ಏನೋ. ವಿಧವೆಯೊಬ್ಬಳು ಮದುಮಕ್ಕಳ ಪಕ್ಕ ನಿಂತ ಚಿತ್ರ ಆಲ್ಬಮಿನಲ್ಲಿ ಬೇಡ ಎಂದು ಒರೆಸಿದನೋ, ಬರೀ ಉಳಿತಾಯಕ್ಕೆ ಒರೆಸಿದನೋ ಎಂಬುದು ಅವನಿಗೇ ನೆನಪಿಲ್ಲ. ನೆನಪಿಡುವಷ್ಟು ದೊಡ್ಡ ಸಂಗತಿಯೇ ಅದಾಗಿರಲಿಲ್ಲ. ಚಿಗವ್ವ ಮಾತ್ರ ಆ ಕಣ್ಣೀರನ್ನು ಸಾಯುವವರೆಗೂ ಸೆರಗಿನ ಗಂಟಿನಲ್ಲಿ ಕಟ್ಟಿಕೊಂಡಿದ್ದಳು, ಆ ಗಂಟು ಕಟ್ಟಿಕೊಟ್ಟವನು ನಾನು. ಅವಳು ತುಂಬುವಯಸ್ಸು ಬದುಕಿದಳು ಎಂದು ಎಲ್ಲರೂ ಹೇಳುತ್ತಿದ್ದರು. ಬದುಕದೆ ಏನು? ಖಾಲಿ ಫ್ಲ್ಯಾಶಿಗೆ ಆಯುಸ್ಸು ಕಡಿಮೆಯಾಗುವುದಿಲ್ಲವಲ್ಲ.

ಅಣ್ಣ ಆ ಕ್ಯಾಮೆರಾ ಕೊಂಡ. ನಾನು ಚೌಕಾಸಿ ಮಾಡಲಿಲ್ಲ. ಅದೇ ಆ ಹೊತ್ತಿನ ನನ್ನ ಪ್ರತಿಭಟನೆ. ಮುನಿರಾಜು ಸಂತೋಷದಿಂದ ಒಂದು ರೋಲನ್ನು ಪುಕ್ಕಟೆ ಹಾಕಿಕೊಟ್ಟ. ಅಣ್ಣನಿಗೆ ಮೊದಲ ಫೋಟೋ ತನ್ನದೇ ಆಗಬೇಕೆಂದು ಆಸೆ. ಕ್ಯಾಮೆರಾ ನನ್ನ ಕೈಗಿಟ್ಟು, ಮೇಜಿನ ಮುಂದೆ ನಿಂತು, ಉಳಿದಿದ್ದ ಕೂದಲನ್ನು ಅಂಗೈಯಿಂದ ತೀಡಿಕೊಂಡು, ಹೊಟ್ಟೆ ಒಳಗೆಳೆದುಕೊಂಡು, ಗದ್ದ ಎತ್ತಿದ. ನಾನು ಕ್ಯಾಮೆರಾ ಕಣ್ಣಿಗೆ ಹಿಡಿದೆ. ಬೆರಳು ತಾನಾಗಿಯೇ ಹಿಂದಕ್ಕೆ ಹೋಯಿತು. ಕೆಂಪು ಗುಂಡಿ ಒತ್ತಿದೆ. ಪಳ್ಳೆಂದು ಬೆಳಕು. ಸ್ಪೀಕರಿನ ಹಾಡಿನಲ್ಲಿ ಏನು ಕ್ಲಿಕ್ಕಾಯಿತು, ಏನು ಆಗಲಿಲ್ಲ ಎಂದು ಯಾರಿಗೆ ಕೇಳಬೇಕು?

"ಬಂತೇನೋ?" ಎಂದ ಅಣ್ಣ.

"ಬಂತು" ಎಂದೆ.

ಮುನಿರಾಜು ನೋಡಿದ. ನನ್ನ ಬೆರಳನ್ನು ನೋಡಿದ, ಆಮೇಲೆ ನನ್ನ ಮುಖ ನೋಡಿದ. ಹಳೆಯ ಕಸುಬುದಾರ, ಕ್ಯಾಮೆರಾದ ಪಕ್ಕ ನಿಂತವರ ಸನ್ನೆಯನ್ನು ಪ್ರಶ್ನಿಸುವ ಅಭ್ಯಾಸ ಅವನಿಗಿರಲಿಲ್ಲ.

ಮನೆಗೆ ಬಂದು ಹೆಂಡತಿಗೆ ಎಲ್ಲ ಹೇಳಿದೆ. ಅವಳು ಸೊಪ್ಪು ಸೋಸುತ್ತಿದ್ದಳು. "ನಿಮ್ಮಣ್ಣ ಅಳೋ ಪೈಕಿ ಅಲ್ಲ ಅಂತ ನಾನು ಅವತ್ತೇ ಅಂದ್ಕೊಂಡಿದ್ದೆ" ಎಂದಳು. ಮದುವೆಯಾಗಿ ಒಂದು ದಿನವೂ ಆಗದ ಹುಡುಗಿಗೆ ತಿಳಿದದ್ದು ನನಗೆ ತಿಳಿಯಲು ಅರ್ಧ ಆಯುಷ್ಯ ಬೇಕಾಯಿತು. ನನ್ನ ಸೇಡಿನ ವಿಷಯ ಹೇಳಿದಾಗ ಮಾತ್ರ ಅವಳು ತಲೆ ಎತ್ತಿ, "ಸಮಾಧಾನ ಆಯ್ತಾ?" ಎಂದಳು. ಆಯಿತು ಎಂದೆ. ಆಗಿತ್ತು ಕೂಡ, ಸುಮಾರು ಒಂದು ತಿಂಗಳು.

ಆಮೇಲೆ ಅಣ್ಣನ ಫೋನು ಬಂತು. ರೋಲು ತೊಳೆಸಿದ್ದಾನೆ. ಅಪಾರ್ಟ್‌ಮೆಂಟಿನ ಈಜುಕೊಳ ಬಂದಿದೆ, ನೊರೆಯ ಕೆರೆ ಬಂದಿದೆ, ಸೆಕ್ಯೂರಿಟಿಯವನು ಸಹ ಸೆಲ್ಯೂಟ್ ಹೊಡೆಯುತ್ತ ಚೆನ್ನಾಗಿ ಬಂದಿದ್ದಾನೆ. "ನೀನು ತೆಗೆದ ನನ್ನ ಫೋಟೋ ಮಾತ್ರ ಬಂದಿಲ್ಲ ಕಣೋ."

"ಬೆಳಕು ಬಿದ್ದಿರಬೇಕು ಅಣ್ಣ" ಎಂದೆ. ಈ ಮಾತನ್ನು ಅವನಿಗೇ ಒಪ್ಪಿಸುವ ದಿನಕ್ಕೆ ಎಷ್ಟು ರುಚಿ ಇರಬೇಕಿತ್ತು! ಅವನು ನಂಬಿದ. "ಇಷ್ಟು ಕ್ಯಾಮೆರಾ ಇಟ್ಕೊಂಡಿದೀನಿ, ನಂದೇ ಒಂದು ಒಳ್ಳೆ ಫೋಟೋ ಇಲ್ಲ ನೋಡು" ಎಂದ. ಸಿಟ್ಟಿಲ್ಲ, ಅನುಮಾನವಿಲ್ಲ. ಈ ದನಿ ನನಗೆ ಗೊತ್ತು. ಕೈಯಲ್ಲಿ ನೀರಿನ ತಂಬಿಗೆ ಇರಲಿಲ್ಲ, ಅಷ್ಟೇ ವ್ಯತ್ಯಾಸ.

ಖಾಲಿ ಫ್ಲ್ಯಾಶಿನ ಬಗ್ಗೆ ಮುನಿರಾಜು ಹೇಳದೆ ಬಿಟ್ಟದ್ದು ಒಂದಿದೆ. ಫಿಲ್ಮಿನ ಮೇಲೆ ಬೀಳದ ಚಿತ್ರ ಒತ್ತಿದವನ ಮೇಲೆ ಬೀಳುತ್ತದೆ. ಕೂದಲು ತೀಡಿಕೊಂಡು ಗದ್ದ ಎತ್ತಿ ನಿಂತ ಅಣ್ಣ ನನ್ನ ಕಣ್ಣಿಂದ ಹೋಗುತ್ತಿಲ್ಲ. ಮೊದಲು ಅಲ್ಲಿ ಚಿಗವ್ವ ಒಬ್ಬಳೇ ಇದ್ದಳು, ಕೈ ಒರೆಸಿಕೊಳ್ಳುತ್ತ. ಈಗ ಅವಳನ್ನು ನೆನೆಯಹೋದರೆ ಪಕ್ಕದಲ್ಲಿ ಹೊಟ್ಟೆ ಒಳಗೆಳೆದುಕೊಂಡು ಇವನೂ ನಿಂತಿರುತ್ತಾನೆ. ಅವಳಿಗೇನೋ ಸಂತೋಷವೇ, ದೊಡ್ಡ ಹುಡುಗ ಪಕ್ಕಕ್ಕೆ ಬಂದನಲ್ಲ ಎಂದು. ನನಗೆ ಸಂಕಟ.

ಅಣ್ಣ ಮೊನ್ನೆ ಮತ್ತೆ ಫೋನು ಮಾಡಿದ್ದ. ಹೊಸ ರೋಲು ಹಾಕಿಸಿದ್ದಾನಂತೆ. "ಒಂದ್ಸಲ ಬಂದು ತೆಗೆದುಕೊಟ್ಟು ಹೋಗ್ತೀಯೇನೋ?" ಎಂದ. ಭಾನುವಾರ ಬರುತ್ತೇನೆ ಎಂದಿದ್ದೇನೆ. ಪೀಣ್ಯದಿಂದ ವರ್ತೂರಿಗೆ ದಾರಿ ಬಹಳ ಉದ್ದ. ಯಾವ ಗುಂಡಿ ಒತ್ತಬೇಕೆಂದು ನಿರ್ಧರಿಸಲು ಅಷ್ಟು ದೂರ ಸಾಕಾದೀತು ಎಂದುಕೊಂಡಿದ್ದೇನೆ.