ಚಾಪೆಯ ಮೇಲಿಟ್ಟ ಬಟ್ಟಲು

ನನಗೆ ಆಗ ಇಪ್ಪತ್ತಾರು ವರ್ಷ. ಹೊಳೆನರಸೀಪುರದಿಂದ ಅರಕಲಗೂಡಿಗೆ ಹೋಗುವ ದಾರಿಯ ಒಂದು ಹಳ್ಳಿಯಲ್ಲಿ ಪ್ರೈಮರಿ ಶಾಲೆ ಮೇಷ್ಟ್ರು. ಮೂಗಿನ ತುದಿಯಲ್ಲೇ ಕೋಪ. ಅಂಥವನಿಗೆ ನಮ್ಮ ಚರ್ಚಿನಲ್ಲಿ ಸಭಾಸೇವಕನಾಗುವ ಆಸೆ ಯಾಕೆ ಹುಟ್ಟಿತೋ ದೇವರೇ ಬಲ್ಲ. ಆರಾಧನೆಯಲ್ಲಿ ಸಭಾಪಾಲಕರಿಗೆ ನೆರವಾಗುವುದು, ಅವರು ಬರಲಾಗದ ಭಾನುವಾರ ಪ್ರಸಂಗ ಮಾಡುವುದು, ಕಾಯಿಲೆ ಬಿದ್ದವರ ಮನೆಗೆ ಹೋಗಿ ಪ್ರಾರ್ಥಿಸುವುದು, ಇಷ್ಟೇ ಕೆಲಸ. ಸಂಬಳ ಗಿಂಬಳ ಇಲ್ಲ. ಆದರೆ ನಮ್ಮ ಕೇರಿಯಿಂದ ಅದುವರೆಗೆ ಒಬ್ಬರೂ ಆ ಬಿಳಿ ನಿಲುವಂಗಿ ತೊಟ್ಟಿರಲಿಲ್ಲ. ನಾನು ತೊಡಬೇಕಿತ್ತು. ಅದು ಭಕ್ತಿಯೋ ಹಟವೋ ಎಂದು ಯಾರಾದರೂ ಕೇಳಿದ್ದರೆ ಜಗಳಕ್ಕೇ ನಿಲ್ಲುತ್ತಿದ್ದೆ.

ಐವತ್ತರ ದಶಕ ಮುಗಿಯುತ್ತಿತ್ತು. ಬೇಸಿಗೆ ರಜೆಯಲ್ಲಿ ಹಾಸನದಲ್ಲಿ ನಮಗೆ ತರಬೇತಿ ನಡೆಯಿತು. ಚನ್ನರಾಯಪಟ್ಟಣದ ಬಡಗಿ, ಅರಕಲಗೂಡಿನ ಟೈಲರು, ನಾನು, ಹೀಗೆ ಎಂಟು ಜನ. ಕಲಿಸುತ್ತಿದ್ದವರು ನಮ್ಮ ಸೀಮೆಯ ಸಭೆಗಳನ್ನೆಲ್ಲ ನೋಡಿಕೊಳ್ಳುತ್ತಿದ್ದ, ಮೈಸೂರು ಕಡೆಯ ಅಯ್ಯನವರು, ಅಂದರೆ ಸಭಾಪಾಲಕರು. ಬೆಳಿಗ್ಗೆ ಸತ್ಯವೇದ, ಮಧ್ಯಾಹ್ನ ಪ್ರಸಂಗ, ಸಂಜೆ ಕರ್ತನ ಭೋಜನದ ಪವಿತ್ರ ರೊಟ್ಟಿ, ದ್ರಾಕ್ಷಾರಸ ಬಡಿಸುವ ಅಭ್ಯಾಸ. ರೊಟ್ಟಿಯನ್ನು ಅವರೇ ಕೊಡುತ್ತಾರೆ, ದ್ರಾಕ್ಷಾರಸದ ಬಟ್ಟಲು ನಮ್ಮದು. ಇಡೀ ಸಭೆಗೆ ಒಂದೇ ಬಟ್ಟಲು. ಎರಡೂ ಕೈಯಲ್ಲಿ ಹಿಡಿದು ಬಾಗಬೇಕು, ಎದುರಿನವರ ಕೈಗೆ ಕೊಡಬೇಕು, ಅವರ ಹಿಡಿತ ಬಿಗಿಯಾದ ಮೇಲೆ ನಮ್ಮ ಕೈ ಬಿಡಬೇಕು. ಹಿತ್ತಾಳೆ ಲೋಟದಲ್ಲಿ ನೀರು ತುಂಬಿಸಿ ಒಬ್ಬರಿಗೊಬ್ಬರು ಕೊಟ್ಟುಕೊಂಡೆವು. ಟೈಲರು ದಿನಾ ಚೆಲ್ಲುತ್ತಿದ್ದ. ನಾನು ಒಂದು ಹನಿಯೂ ಚೆಲ್ಲಲಿಲ್ಲ, ಅದರ ಗರ್ವವೂ ಇತ್ತು.

ಕೊನೆಯಲ್ಲಿ ಪರೀಕ್ಷೆ. ಒಬ್ಬೊಬ್ಬರೂ ತಮ್ಮ ತಮ್ಮ ಹಳ್ಳಿಯ ಸಭೆಯಲ್ಲಿ ಒಂದು ಭಾನುವಾರ ಬಡಿಸಬೇಕು, ಅಯ್ಯನವರು ನೋಡುತ್ತಾರೆ. ಅವರು ಒಪ್ಪಿದರೆ ಮಾತ್ರ ಆ ವರ್ಷದ ಪಟ್ಟಿಗೆ ಹೆಸರು. ಆದರೆ ನಮ್ಮ ಸಭೆಯಲ್ಲಿ ಊರ ಗೌಡರೂ ಇದ್ದರು.

ನಮ್ಮಪ್ಪ ಬದುಕಿರುವವರೆಗೂ ಆ ಗೌಡರ ಮನೆಯ ಆಳು. ಗೌಡರು ಹಿಂದಿನ ವರ್ಷ ಜ್ವರದಲ್ಲಿ ಸಾಯುವ ಹಾಗಾಗಿ, ಹೇಗೋ ಬದುಕಿ ಎದ್ದು, ತಾವೊಬ್ಬರೇ ದೀಕ್ಷಾಸ್ನಾನ ತೆಗೆದುಕೊಂಡು ಕ್ರೈಸ್ತರಾಗಿದ್ದರು. ಮನೆಯವರು ಯಾರೂ ಜೊತೆಗೆ ಬಂದಿರಲಿಲ್ಲ. ಇದುವರೆಗೆ ಅವರು ಬಟ್ಟಲನ್ನು ತೆಗೆದುಕೊಂಡದ್ದೆಲ್ಲ ಅಯ್ಯನವರ ಕೈಯಿಂದ. ಈಗ ತಮ್ಮ ಆಳಿನ ಮಗ ಕೊಟ್ಟರೆ ಮುಟ್ಟುತ್ತಾರೆಯೇ? ಕೇರಿಯಲ್ಲಿ ಇದೇ ಮಾತು.

"ಗೌಡ್ರು ಅವತ್ತು ಬರಾಕಿಲ್ಲ ಬುಡು, ಹೊಟ್ನೋವು ಅಂತಾರೆ," ಎಂದಳು ಅವ್ವ.

"ಬರ್ಲಿ. ಬಂದು ಮುಟ್ದೆ ಓಗ್ಲಿ. ಆಗ ನಾನು ಏನಂತೀನಿ ನೋಡು," ಎಂದೆ.

ನಿಜವಾಗಿಯೂ ಮಾತು ಜೋಡಿಸಿ ಇಟ್ಟುಕೊಂಡಿದ್ದೆ. ರಜೆ ಮುಗಿದಿತ್ತು, ವಾರವೆಲ್ಲ ಶಾಲೆಯ ದಾರಿಯಲ್ಲಿ ಅದನ್ನೇ ತಿದ್ದಿ ತೀಡಿದ್ದೆ. ಪ್ರಸಂಗಕ್ಕೂ ಅಷ್ಟು ಶ್ರಮಪಟ್ಟಿರಲಿಲ್ಲ.

ಗೌಡರು ಬಂದರು. ಒಗೆದ ಪಂಚೆ, ಹೆಗಲ ಮೇಲೆ ಟವಲು. ಹೆಂಚಿನ ಚಿಕ್ಕ ದೇವಾಲಯದಲ್ಲಿ ನೆಲಕ್ಕೆ ಹಾಸಿದ ಚಾಪೆಯ ಮೇಲೆ, ಮುಂದಿನ ಸಾಲಿನ ತುದಿಯಲ್ಲಿ, ಗೋಡೆಯ ಪಕ್ಕ ಕೂತರು. ನನ್ನ ಪ್ರಸಂಗ ಹೇಗೆ ಮುಗಿಯಿತೋ ನೆನಪಿಲ್ಲ. ಅಯ್ಯನವರು ರೊಟ್ಟಿ ಹಂಚಿ ಮೇಜಿನ ಹಿಂದೆ ಹೋಗಿ ನಿಂತರು. ನಾನು ಬಟ್ಟಲು ಎತ್ತಿಕೊಂಡೆ. ಎಲ್ಲರೂ ತಲೆ ತಗ್ಗಿಸಿ ಕಣ್ಣು ಮುಚ್ಚಿದ್ದರು. ತಮ್ಮ ಸರದಿ ಬಂದಾಗ ಮಾತ್ರ ಕಣ್ಣು ತೆರೆಯುವುದು ನಮ್ಮ ಸಭೆಯ ರೂಢಿ.

ಮೊದಲನೆಯವರೇ ಗೌಡರು. ಅವರ ಮುಂದೆ ನಿಂತೆ. ಬಟ್ಟಲು ಕೊಡುವಾಗ ಹೇಳುವ ವಾಕ್ಯ ಹೇಳಿದೆ, ಬಾಗಿದೆ. ಬಟ್ಟಲನ್ನು ಚಾಪೆಯ ಅಂಚಿನಲ್ಲಿ ಇಟ್ಟು ಒಂದು ಹೆಜ್ಜೆ ಹಿಂದೆ ಸರಿದೆ.

ಗೌಡರ ಮನೆಗೆ ಏನನ್ನೇ ಕೊಂಡೊಯ್ದರೂ ನಾವು ಹಾಗೆಯೇ ಮಾಡುತ್ತಿದ್ದೆವು. ಸೊಪ್ಪಾಗಲಿ, ಕುಡುಗೋಲಾಗಲಿ, ಕೆಳಗಿಟ್ಟು ಸರಿಯಬೇಕು, ಅವರು ಎತ್ತಿಕೊಳ್ಳಬೇಕು. ನಡೆಯಲು ಕಲಿತಾಗಿನಿಂದ ಮಾಡಿದ್ದನ್ನು ನನ್ನ ಕೈ ನನ್ನನ್ನು ಕೇಳದೆಯೇ ಮಾಡಿಬಿಟ್ಟಿತ್ತು.

ತಲೆ ಎತ್ತಿದೆ. ಗೌಡರ ಎರಡೂ ಕೈ ನನ್ನ ಕಡೆ ಚಾಚಿದ್ದವು. ಅವರು ಮೊದಲೇ ಚಾಚಿದ್ದರು, ನಾನು ನೋಡಿರಲಿಲ್ಲ. ಅವರು ಬಟ್ಟಲನ್ನು ನೋಡಿದರು, ನನ್ನ ಮುಖ ನೋಡಿದರು. ಕೆಳಗಿನಿಂದ ಎತ್ತಿಕೊಳ್ಳಲಿಲ್ಲ, ಚಾಚಿದ ಕೈಯನ್ನು ಹಿಂದಕ್ಕೂ ತೆಗೆಯಲಿಲ್ಲ. ನನಗೆ ದಿಕ್ಕು ತೋಚಲಿಲ್ಲ. ಬಟ್ಟಲು ಎತ್ತಿಕೊಂಡು ಪಕ್ಕದವರ ಮುಂದೆ ಹೋಗಿಬಿಟ್ಟೆ. ಆ ಸಾಲು, ಅದರ ಹಿಂದಿನ ಸಾಲು, ಹೆಂಗಸರ ಸಾಲು, ಎಲ್ಲರ ಕೈಗೂ ಸರಿಯಾಗಿ ಕೊಟ್ಟೆ.

ಆರಾಧನೆ ಮುಗಿದ ಮೇಲೆ ಅಯ್ಯನವರು ಗೌಡರನ್ನು ಜಗಲಿಗೆ ಕರೆದರು. ನನ್ನನ್ನೂ ಕರೆದರು. ಅವರ ಮುಖ ಕೆಂಪಾಗಿತ್ತು. ಮೇಜಿನ ಹಿಂದಿನಿಂದ ಅವರಿಗೆ ಕಂಡದ್ದು ನನ್ನ ಬೆನ್ನು ಮತ್ತು ಗೌಡರು ಕುಡಿಯದೆ ಪಕ್ಕದವರಿಗೆ ಹೋದ ಬಟ್ಟಲು.

"ಗೌಡರೆ, ನಿಮಗೆ ದೀಕ್ಷಾಸ್ನಾನ ಕೊಟ್ಟವನು ನಾನು," ಎಂದರು. "ಈ ಹುಡುಗನ ಕೈ ನಿಮಗೆ ಮೈಲಿಗೆಯಾದರೆ ಕರ್ತನ ಮೇಜೂ ನಿಮಗೆ ಬೇಡ. ಇನ್ನು ಮೇಲೆ ನೀವು ಹಿಂದೆ ಕೂತು ನೋಡಿ, ಸಾಕು."

ಗೌಡರು ಟವಲಿನ ತುದಿ ಹಿಡಿದುಕೊಂಡು ನಿಂತಿದ್ದರು. ಅಯ್ಯನವರು ಬೈಯುತ್ತಲೇ ಹೋದರು. ಮನೆಮಂದಿಯನ್ನೆಲ್ಲ ಬಿಟ್ಟು ಬಂದು ಜಾತಿಯನ್ನು ಮಾತ್ರ ಕಟ್ಟಿಕೊಂಡು ಬಂದಿರಲ್ಲ ಎಂದರು. ಅಂಗಳದಲ್ಲಿ ನಮ್ಮ ಜನ ಗುಂಪುಗೂಡಿದ್ದರು. "ನಾನೇಳ್ನಿಲ್ವಾ," ಎಂದು ಯಾರೋ ಅಂದದ್ದು ಕೇಳಿಸಿತು.

ನನಗೆ ಮೊದಲು ಅನ್ನಿಸಿದ್ದು, ಬಚಾವಾದೆ. ನಾಚಿಕೆಯಿಂದಲೇ ಬರೆಯುತ್ತಿದ್ದೇನೆ. ಗೌಡರು ಬಾಯಿ ಬಿಡದಿದ್ದರೆ ನನ್ನ ಹೆಸರು ಪಟ್ಟಿಗೆ ಸೇರುತ್ತದೆ. ಇವರ ಮನೆಯವರು ನಮ್ಮನ್ನು ನಡೆಸಿಕೊಂಡದ್ದಕ್ಕೆ ಒಂದು ದಿನ ಬೈಸಿಕೊಳ್ಳಲಿ ಬಿಡು ಎಂದೂ ಅನ್ನಿಸಿತು. ಅಷ್ಟರಲ್ಲಿ ಅಯ್ಯನವರು ಪುಸ್ತಕ ತೆರೆದು, ಹೊಡೆದುಹಾಕಲು ಸಭೆಯವರ ಹೆಸರುಗಳಲ್ಲಿ ಗೌಡರ ಹೆಸರು ಹುಡುಕತೊಡಗಿದರು. ಗೌಡರು ಆ ಬೆರಳನ್ನೇ ನೋಡುತ್ತಿದ್ದರು. ಬೇರೆ ಹೋಗಲು ಅವರಿಗೆ ಜಾಗವಿರಲಿಲ್ಲ, ಮನೆಯಲ್ಲಿ ಅವರ ತಟ್ಟೆಯನ್ನು ಆಗಲೇ ಬೇರೆ ಇಟ್ಟಿದ್ದರು.

"ಅವ್ರು ಕೈ ಚಾಚಿದ್ರು ಅಯ್ಯನೋರೆ," ಎಂದೆ. "ನಾನೇ ಕೊಡ್ನಿಲ್ಲ. ಬಟ್ಟಲು ಕೆಳಗಿಟ್ಬುಟ್ಟೆ."

ಅಯ್ಯನವರಿಗೆ ಅರ್ಥವಾಗಲಿಲ್ಲ. ಇನ್ನೊಮ್ಮೆ ಹೇಳಿದೆ. ಹೇಗೆ ಇಟ್ಟೆ ಎಂದು ಅಂಗಳದವರೆಲ್ಲರ ಎದುರಿಗೆ ಬಾಗಿ ತೋರಿಸಿದೆ. ತೋರಿಸುವುದು ಹೇಳುವುದಕ್ಕಿಂತ ಕಷ್ಟವಾಯಿತು. ಅಯ್ಯನವರು ಪುಸ್ತಕ ಮುಚ್ಚಿ ಗೌಡರಿಗೆ ಕೈಮುಗಿದರು. ಆಮೇಲೆ ನನ್ನ ಕಡೆ ತಿರುಗಿ ತಣ್ಣಗೆ ಹೇಳಿದರು:

"ಈ ವರ್ಷ ಬೇಡಪ್ಪ. ಬಟ್ಟಲು ಕೆಳಗಿಟ್ಟದ್ದನ್ನು ತಿದ್ದಬಹುದು, ಅದಕ್ಕೇ ತರಬೇತಿ ಇರೋದು. ನಾನು ಇಷ್ಟು ಹೊತ್ತು ಇವರನ್ನು ಬೈತಾ ಇದ್ದಾಗ ನೀನು ಇಲ್ಲೇ ನಿಂತಿದ್ದೆಯಲ್ಲ, ಅದನ್ನು ಹೇಗೆ ತಿದ್ದಲಿ?"

ಜನ ಚದುರಿದರು. ಗೌಡರು ಊರೊಳಗಿನ ದಾರಿ ಹಿಡಿದರು. ನಾನು ಅವರ ಹಿಂದೆ ಓಡಿದೆ. ಅವರ ಮೇಲೆ ಸಿಟ್ಟೇ ಬಂದಿತ್ತು, ಬಾಯಿ ಬಿಟ್ಟಿದ್ದರೆ ಇಷ್ಟೆಲ್ಲ ಆಗುತ್ತಿರಲಿಲ್ಲವಲ್ಲ ಎಂದು.

"ಯಾಕೆ ಬುದ್ಧಿ ಸುಮ್ಕಿದ್ರಿ? ಒಂದು ಮಾತೇಳ್ಬಾರ್ದಾಗಿತ್ತಾ?"

ಗೌಡರು ನಿಂತರು.

"ನಿಮ್ಮಪ್ಪ ನೀರು ಉಯ್ಯಿಸ್ಕಳಕ್ಕೆ ನಮ್ಮ ಜಗಲಿ ಮುಂದೆ ಎಷ್ಟು ವರ್ಸ ಬೊಗಸೆ ಒಡ್ಕಂಡು ನಿಂತಿದ್ನೋ. ಒಂದಿನಾನಾದ್ರೂ ದೂರೇಳಿದ್ನಾ? ನಾನು ಇವತ್ತು ಒಂದ್ಗಳಿಗೆ ಕೈ ಒಡ್ಡಿದ್ದೆ ಕಣ್ಲಾ. ಅಷ್ಟಕ್ಕೇ ಯಾವ್ ಮುಖ ಇಟ್ಕಂಡು ದೂರೇಳನ?"

ಅಷ್ಟು ಹೇಳಿ ಅವರು ಹೊರಟುಹೋದರು. ಪಟ್ಟಿಗೆ ಹೆಸರು ಸೇರದು ಎಂದಾಗ ಬಾರದ ಅಳು ನನಗೆ ಆ ದಾರಿಯಲ್ಲಿ ನಿಂತು ಬಂತು. ಅಪ್ಪನಿಗಾಗಿ ಅತ್ತೆನೋ, ಗೌಡರಿಗಾಗಿ ಅತ್ತೆನೋ, ಇವತ್ತಿಗೂ ಬಿಡಿಸಿ ಹೇಳಲಾರೆ.